ಉಪ್ಪು ನೀರಿನ ಊರಲ್ಲಿ ಅಮ್ಮನ ತಲೆಸ್ನಾನ

ತೀರ್ಥಹಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದ ಅಮ್ಮ ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದಾಗ ಅವಳ ಜೊತೆ ಮೂರು ಚೀಲ, ಒಂದು ಐದು ಲೀಟರಿನ ಕ್ಯಾನು. ಚೀಲದಲ್ಲಿ ಏನಿದೆ ಅಂತ ಕೇಳೋದೇ ಬೇಡ: ಹಪ್ಪಳ, ಮಿಡಿ ಉಪ್ಪಿನಕಾಯಿ, ಸೀಗೆಪುಡಿ. ಕ್ಯಾನಲ್ಲಿ ಕೊಬ್ಬರಿ ಎಣ್ಣೆ ಇರಬೇಕು ಅಂದುಕೊಂಡೆ. ಮನೆಗೆ ಬಂದು ಮುಚ್ಚಳ ತೆಗೆದರೆ ನೀರು!

"ನಿಮ್ಮೂರ ನೀರಲ್ಲಿ ಬೇಳೆ ಬೇಯಲ್ಲ ಅಂತ ಫೋನಲ್ಲಿ ಅಳ್ತಿದ್ಯಲ್ಲೇ ಮಾರಾಯ್ತಿ, ಅದಕ್ಕೇ ತಂದೆ" ಅಂದಳು.

ನಾನೂ ತಮ್ಮನೂ ಹೊಟ್ಟೆ ಹಿಡ್ಕೊಂಡು ನಕ್ಕೆವು. ಮೂರು ದಿನ ಕಳೆದ ಮೇಲೆ ನಗು ನಿಂತಿತು.

ನಮ್ಮ ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ಬುಡದಲ್ಲಿ. ಮೇಲಿನ ಅಬ್ಬಿಯಿಂದ ನೀರು ತಾನಾಗೇ ಇಳಿದು ಬರುತ್ತದೆ. ಅಜ್ಜನ ಕಾಲದಲ್ಲಿ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬರ್ತಿತ್ತಂತೆ, ಈಗ ಕಪ್ಪು ಪೈಪಿನಲ್ಲಿ. ಮಳೆ ನೀರು ಜಂಬಿಟ್ಟಿಗೆ ಮಣ್ಣಲ್ಲಿ ಇಳಿದು, ಕಲ್ಲಿನ ಜೊತೆ ಹೆಚ್ಚು ದಿನ ಸಹವಾಸ ಮಾಡದೆ ಹೊರಗೆ ಬರುತ್ತೆ. ಹಾಗಾಗಿ ಅದು ಮೆದು ನೀರು. ಸೋಪು ಹಚ್ಚಿದರೆ ನೊರೆ ಹೋಗಲಾಡಿಸೋಕೇ ನಾಲ್ಕು ಚೊಂಬು ನೀರು ಬೇಕು.

ಬಚ್ಚಲುಮನೆ ಹಿಂದುಗಡೆ. ಗೋಡೆಯಲ್ಲಿ ಹುದುಗಿಸಿದ ತಾಮ್ರದ ಹಂಡೆ, ಹೊರಗಿನಿಂದ ಒಲೆಗೆ ಅಡಿಕೆ ಸಿಪ್ಪೆ, ಒಣ ಸೋಗೆ. ಗೋಡೆಗೂ ಹೆಂಚಿಗೂ ನಡುವೆ ಒಂದು ಗೇಣು ಸಂದಿ. ಹೊಗೆ ಬಂದರೆ ಕಣ್ಣು ಉರಿಯುತ್ತೆ, ಕೆಮ್ಮು ಬರುತ್ತೆ, ಬಯ್ದುಕೊಂಡು ಹೊರಗೆ ಓಡಿ ಬರ್ತೀವಿ. ಬಾಗಿಲಿಗೆ ಚಿಲಕ ಇದ್ದರೂ ಹಾಕುವ ಅಭ್ಯಾಸ ಯಾರಿಗೂ ಇಲ್ಲ. ಒಳಗೆ ಯಾರಿದ್ದಾರೆ ಅನ್ನೋದು ಹಾಡಿನಿಂದಲೋ ಚೊಂಬಿನ ಸದ್ದಿನಿಂದಲೋ ಗೊತ್ತಾಗತ್ತೆ.

ಇನ್ನು ನಮ್ಮ ಬಾಡಿಗೆ ಮನೆ. ಸರ್ಜಾಪುರ ರಸ್ತೆಯಿಂದ ಒಳಗೆ, ನಾಲ್ಕನೇ ಮಹಡಿ, ಎರಡು ಬೆಡ್‌ರೂಮ್. ನೀರು 1,100 ಅಡಿ ಆಳದ ಬೋರ್‌ವೆಲ್‌ನದು. ಬೇಸಿಗೆಯಲ್ಲಿ ಅದು ಕೈಕೊಟ್ಟರೆ ಟ್ಯಾಂಕರ್. ಬೆಂಗಳೂರಿನಲ್ಲಿ ನೀರಿಗೆ ಎರಡೇ ಜಾತಿ: ಕಾವೇರಿಯದು ಸಿಹಿ ನೀರು, ಬೋರಿನದು ಉಪ್ಪು ನೀರು. ನಮ್ಮದು ಎರಡನೇದು. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ಸ್ಟೀಲ್ ನಲ್ಲಿಗೆ ಸುಣ್ಣದ ಮೀಸೆ, ತಲೆಕೂದಲು ತೆಂಗಿನ ನಾರು. ಇವೆಲ್ಲಕ್ಕೂ ಎರಡು ವರ್ಷದಲ್ಲಿ ಒಗ್ಗಿಹೋಗಿದ್ದೆವು.

ಬಾತ್‌ರೂಮಿನೊಳಗೆ ಓನರ್ ಹಾಕಿಸಿದ್ದ ಗ್ಯಾಸ್ ಗೀಸರ್ ಇತ್ತು. ಅದಕ್ಕೆ ಟ್ಯಾಂಕು ಇರೋದಿಲ್ಲ. ನಲ್ಲಿ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಕಿಡಿ, ಆಮೇಲೆ ಭುಸ್ ಅಂತ ಉರಿ. ತಾಮ್ರದ ಸಣ್ಣ ಪೈಪಿನೊಳಗೆ ನೀರು ಓಡುವಾಗಲೇ ಬಿಸಿಯಾಗಿ ಬರುತ್ತೆ. ಕಾಯೋದಿಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ. ಹಾಗಾಗಿ ನಮಗೆ ಅದರ ಮೇಲೆ ಭಾರಿ ಪ್ರೀತಿ. ಒಂದೇ ತಕರಾರು ಅಂದರೆ ಬರ್ತಾ ಬರ್ತಾ ನೀರು ಉಗುರು ಬೆಚ್ಚಗೆ ಆಗ್ತಾ ಹೋಗಿತ್ತು. ಧಾರೆಯೂ ಸಣ್ಣ. ಉರಿ ಮೊದಲು ನೀಲಿ ಇದ್ದದ್ದು ಹಳದಿಗೆ ತಿರುಗಿತ್ತು. ನಾನು ಕಣ್ಣಾರೆ ನೋಡಿದ್ದೆ, ದೀಪದ ಹಾಗೆ ಚೆನ್ನಾಗಿ ಕಾಣ್ತಿದೆ ಅಂತಲೂ ಅಂದುಕೊಂಡಿದ್ದೆ.

ಅದು ಡಿಸೆಂಬರ್. ಅಮ್ಮ ಬಂದ ಮೂರನೇ ದಿನ ಎಣ್ಣೆ ಹಚ್ಚಿಕೊಂಡು ತಲೆಸ್ನಾನಕ್ಕೆ ಹೋದಳು. ಚಳಿ ಅಂತ ಬಾತ್‌ರೂಮಿನ ಪುಟ್ಟ ಕಿಟಕಿ ಮುಚ್ಚಿದಳು. ಬಾಗಿಲು ಎಳೆದುಕೊಂಡಳು, ಅಭ್ಯಾಸದಂತೆ ಚಿಲಕ ಹಾಕಲಿಲ್ಲ. ಸೀಗೆಪುಡಿ ಉಪ್ಪು ನೀರಲ್ಲೂ ನೊರೆ ಕೊಡತ್ತೆ, ಆದರೆ ಎಣ್ಣೆ ಹೋಗೋಕೆ ಬಿಸಿ ನೀರು ಬೇಕಲ್ಲ! ಬಕೆಟ್ ತುಂಬೋಕೇ ಎಷ್ಟೋ ಹೊತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಗೀಸರ್ ಉರೀತಾನೇ ಇತ್ತು. ನಾನು ಅಡುಗೆಮನೆಯಲ್ಲಿ ನಿಂತು ಆಫೀಸಿನ ಕಾಲ್ ಕೇಳ್ತಿದ್ದೆ.

ಚೊಂಬಿನ ಸದ್ದು ನಿಂತದ್ದು ತಮ್ಮನಿಗೆ ಮೊದಲು ಗೊತ್ತಾಯಿತು. "ಅಮ್ಮಾ" ಅಂದ. ಉತ್ತರ ಇಲ್ಲ. ನಾನು ಬಾಗಿಲು ತಳ್ಳಿದೆ. ಅಮ್ಮ ಸೀರೆ ಸುತ್ತಿಕೊಂಡು ಗೋಡೆ ಹಿಡಿದು ಕೂತಿದ್ದಳು. "ತಲೆ ತಿರುಗ್ತದೆ, ಕಾಲಲ್ಲಿ ಶಕ್ತಿ ಇಲ್ಲ ಕಣೇ" ಅನ್ನೋಷ್ಟರಲ್ಲಿ ವಾಂತಿ. ಗಾಳಿಗೆ ಬಾಲ್ಕನಿಗೆ ಎತ್ತಿ ತಂದು ಕೂರಿಸಿ, ಗೀಸರ್ ಆಫ್ ಮಾಡಿ, ಕಿಟಕಿ ಎಲ್ಲ ತೆಗೆದೆವು. ಬಿಪಿ ಇರಬೇಕು ಅಂದುಕೊಂಡೇ ಆಸ್ಪತ್ರೆಗೆ ಓಡಿದ್ದು. ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಗ್ಯಾಸ್ ಗೀಸರಾ? ಬಾತ್‌ರೂಮ್ ಒಳಗಿದ್ಯಾ?"

ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಮೊದಲು ಗಾಳಿ ಖಾಲಿಯಾಗತ್ತೆ. ಆಮೇಲೆ ಸರಿಯಾಗಿ ಉರಿಯದ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರತ್ತೆ. ಸಿಲಿಂಡರ್ ಲೀಕಾದರೆ ಮೂಗಿಗೆ ಗೊತ್ತಾಗತ್ತೆ, ಇದು ಗೊತ್ತಾಗೋದಿಲ್ಲ. ಕೆಲವು ಗಂಟೆ ಆಕ್ಸಿಜನ್ ಕೊಟ್ಟು, ಒಂದು ರಾತ್ರಿ ಇಟ್ಟುಕೊಂಡು ಅಮ್ಮನನ್ನು ಮನೆಗೆ ಕಳಿಸಿದರು. ಚಿಲಕ ಹಾಕದ ಅಭ್ಯಾಸವೇ ಆ ದಿನ ಅವಳನ್ನು ಉಳಿಸಿದ್ದು.

ಮನೆಗೆ ಬಂದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು. "ನಮ್ಮ ಬಚ್ಚಲ ಹೊಗೆ ಕೆಮ್ಮಿಸಿಯಾದರೂ ಎಬ್ಬಿಸ್ತದೆ. ಇದು ಸದ್ದಿಲ್ಲದೆ ಮಲಗಿಸ್ತದೆ."

ವಾರ ಕಳೆದ ಮೇಲೆ, ಗಾಳಿ ಬದಲಾಗಲಿ ಅಂತ ಅವಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಕೆಂಪೇಗೌಡರ ಗೋಪುರ ಇರುವ ಬಂಡೆ ನಿಧಾನಕ್ಕೆ ಹತ್ತಿದೆವು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ. ಬೆಂಗಳೂರು ಕೂತಿರೋದೇ ಇಂಥ ಗಟ್ಟಿ ಶಿಲೆಯ ಮೇಲೆ. ನಮ್ಮ ಬೋರ್‌ವೆಲ್ಲಿನ ನೀರು ಇಂಥದೇ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುತ್ತೆ ಅಂತ ವಿವರಿಸಿದೆ.

"ಅಂದ್ರೆ ನೀವು ಕಲ್ಲಿನ ಕಷಾಯದಲ್ಲಿ ಮೀಯೋದು" ಅಂದಳು ಅಮ್ಮ. ಅದಕ್ಕಿಂತ ಚೆನ್ನಾಗಿ ಗಡಸು ನೀರಿನ ಬಗ್ಗೆ ಇನ್ನೂ ಯಾರೂ ನನಗೆ ಹೇಳಿಲ್ಲ.

ಕಾವೇರಿ ಯಾಕೆ ಬರಲ್ಲ ಅಂತ ಕೇಳಿದಳು. ಅದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿ.ಮೀ. ದೂರದಿಂದ, ಪಂಪಿನ ಬಲದಲ್ಲಿ ಏರು ಹತ್ತಿ ಬರಬೇಕು. ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗಾಗಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ನಮ್ಮ ಬಿಲ್ಡಿಂಗಿಗೆ ಮಾತ್ರ ಇನ್ನೂ ಸಂಪರ್ಕ ಬಂದಿಲ್ಲ. "ನಿಮ್ಮೂರಲ್ಲಿ ನದಿಯೂ ಬೆಟ್ಟ ಹತ್ತಬೇಕಾ!" ಅಂತ ಅಮ್ಮ ಬಂಡೆ ಮೇಲೆ ಕೂತು ಬಹಳ ಹೊತ್ತು ನಕ್ಕಳು. ಆ ನಗು ಕೇಳಿ ನನಗೆ ಜೀವ ಬಂತು.

ಮರುದಿನ ಗೀಸರ್ ಬಿಚ್ಚೋಕೆ ಮೆಕ್ಯಾನಿಕ್ ಬಂದರು. ಮಾಲೂರಿನ ಕಡೆಯವರು, ಗಡಸು ನೀರಲ್ಲೇ ಬೆಳೆದವರು. ತಾಮ್ರದ ಪೈಪು ಬಿಚ್ಚಿ ನೆಲಕ್ಕೆ ಕುಟ್ಟಿದರೆ ಬಿಳಿ ಚಕ್ಕೆ ಉದುರಿತು. ಕೈಯಲ್ಲಿ ಹಿಡಿದರೆ ಮೊಟ್ಟೆ ಸಿಪ್ಪೆಯ ದಪ್ಪ. "ನೋಡಿ ಮೇಡಂ, ನೀರಿಗೆ ದಾರಿಯೇ ಇಲ್ಲ, ಬಿಸಿಯೂ ಹತ್ತಲ್ಲ" ಅಂದರು. ಬರ್ನರ್ ತುಂಬ ಧೂಳು, ಮಸಿ. ಹಳದಿ ಉರಿಗೆ ಕಾರಣ ಅದು.

ಆಗ ನನಗೆ ಸರಪಳಿ ಪೂರ್ತಿ ಕಂಡಿತು. ನೀರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಸಿ ತಾಗಿದರೆ ಕರಗದ ಕಾರ್ಬನೇಟ್ ಆಗಿ ಪೈಪಿಗೆ ಅಂಟತ್ತೆ. ಪದರ ದಪ್ಪ ಆದಷ್ಟೂ ನೀರು ಬಿಸಿಯಾಗಲ್ಲ. ಬಿಸಿಯಾಗದಿದ್ದರೆ ಸ್ನಾನ ಉದ್ದ. ಸ್ನಾನ ಉದ್ದವಾದಷ್ಟೂ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿಯೋದೂ ಜಾಸ್ತಿ. ಬಕೆಟ್ಟಿನ ಬಿಳಿ ಗೆರೆಯಿಂದ ಅಮ್ಮನ ಆಕ್ಸಿಜನ್ ಮಾಸ್ಕಿನವರೆಗೆ ನಾವು ಒಂದೊಂದೇ ಹೆಜ್ಜೆ ಕಡೆಗಣಿಸುತ್ತಾ ಬಂದಿದ್ದೆವು.

ಗಡಸುತನ ಅಳೆಯುವ ಚಿಕ್ಕ ಕಿಟ್ ತರಿಸಿದೆ. ಟಿಡಿಎಸ್ ಮೀಟರ್ ಇದಕ್ಕೆ ಸಾಲದು, ಅದು ಕರಗಿದ್ದನ್ನೆಲ್ಲ ಒಟ್ಟು ಸೇರಿಸಿ ತೋರಿಸತ್ತೆ. ನಮ್ಮ ನೀರು ಲೀಟರಿಗೆ 520 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳೋದು 200, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ. ದಿನಕ್ಕೆ 100 ಲೀಟರ್ ಕಾಯಿಸಿದರೆ ವರ್ಷಕ್ಕೆ ಸುಮಾರು 19 ಕಿಲೋ ಸುಣ್ಣದಂಥದ್ದು ಆ ಬೆರಳು ಗಾತ್ರದ ಪೈಪಿನಲ್ಲಿ ಹಾದುಹೋಗತ್ತೆ. ಎಲ್ಲ ಅಂಟಲ್ಲ, ಆದರೆ ಅಂಟಿದಷ್ಟೇ ಸಾಕು.

ಓನರಿಗೆ ಆಸ್ಪತ್ರೆ ಬಿಲ್ಲಿನ ಫೋಟೋ ಕಳಿಸಿದೆ. ಸಂಜೆಯೊಳಗೆ ಒಪ್ಪಿಗೆ ಬಂತು. ಕರೆಂಟಿನ ಟ್ಯಾಂಕಿಲ್ಲದ ಗೀಸರ್ ಹಾಕೋಣ ಅಂದ ತಮ್ಮ. ಲೆಕ್ಕ ಹಾಕಿದರೆ 3 ಕಿಲೋವ್ಯಾಟಿನ ಮೆಷಿನ್ 20 ಡಿಗ್ರಿಯ ನೀರನ್ನು 45 ಡಿಗ್ರಿಗೆ ಏರಿಸೋಕೆ ಹೊರಟರೆ ನಿಮಿಷಕ್ಕೆ ಎರಡು ಲೀಟರೂ ಕೊಡೋದಿಲ್ಲ. ಕೊನೆಗೆ ಹೊಸ ಗ್ಯಾಸ್ ಗೀಸರನ್ನೇ ತಂದು, ಬಾತ್‌ರೂಮಿನಿಂದ ಹೊರಗೆ, ಬಟ್ಟೆ ಒಗೆಯುವ ತೆರೆದ ಬಾಲ್ಕನಿಯಲ್ಲಿ ಹಾಕಿಸಿದೆವು. ಒಳಗೆ ಬರೋದು ಬಿಸಿ ನೀರಿನ ಪೈಪು ಮಾತ್ರ. ನೀವೂ ಬಾಡಿಗೆ ಮನೆ ನೋಡೋಕೆ ಹೋದರೆ ವಾರ್ಡ್‌ರೋಬ್ ತೆಗೆದು ನೋಡುವ ಮೊದಲು ಇದನ್ನು ನೋಡಿ. ಗೀಸರ್ ಬಾತ್‌ರೂಮ್ ಒಳಗಿದ್ದರೆ ಹೊರಗೆ ಹಾಕಿಸಿಕೊಡಿ ಅಂತ ಕೇಳೋಕೆ ಸಂಕೋಚ ಬೇಡ.

ಉಳಿದದ್ದು ದಿನನಿತ್ಯದ ರೂಢಿ. ಉರಿ ಸಣ್ಣಗೆ, ನೀರು ಮೈಗೆ ಬೇಕಾದಷ್ಟೇ ಬಿಸಿ. ಕುದಿಯುವಷ್ಟು ಕಾಯಿಸಿ ತಣ್ಣೀರು ಬೆರೆಸಿದರೆ ಸುಣ್ಣ ಬೇಗ ಕಟ್ಟತ್ತೆ. ನೀರು ಬರುವ ಕಡೆಯ ಜಾಲರಿ ತಿಂಗಳಿಗೊಮ್ಮೆ ತೊಳೆಯೋದು. ಉರಿ ಹಳದಿಯಾದರೆ ಆ ದಿನವೇ ಮೆಕ್ಯಾನಿಕ್ಕಿಗೆ ಫೋನು. ಬಿಲ್ಡಿಂಗಿಗೆಲ್ಲ ಸಾಫ್ಟನರ್ ಹಾಕಿಸುವ ಮಾತು ಅಸೋಸಿಯೇಷನ್ ಮೀಟಿಂಗಿನಲ್ಲಿ ಆಗಾಗ ಬರತ್ತೆ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡತ್ತೆ, ಅದಕ್ಕೆ ಉಪ್ಪು ಹಾಕ್ತಾ ಇರಬೇಕು. ಖರ್ಚಿನ ಮಾತು ಬಂದ ಕೂಡಲೇ ಮೀಟಿಂಗ್ ಮುಗಿಯತ್ತೆ!

ಮೂರು ತಿಂಗಳಿಗೊಮ್ಮೆ ಗೀಸರಿನ ಹೊಟ್ಟೆ ತೊಳೆಯೋದು ಮಾತ್ರ ತಪ್ಪಿಸೋದಿಲ್ಲ. ಹೇಗೆ ಅಂತ ಮೆಕ್ಯಾನಿಕ್ಕೇ ಕಲಿಸಿಕೊಟ್ಟರು. ಸಿಲಿಂಡರ್ ಬಂದ್ ಮಾಡಿ, ಕಿಡಿಯ ಬ್ಯಾಟರಿ ತೆಗೆದು, ನೀರು ನಿಲ್ಲಿಸಿ, ಎರಡು ಪೈಪು ಒಂದು ಬಕೆಟ್ಟಿಗೆ. ಬಕೆಟ್ಟಿನಲ್ಲಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ಕದಡಿದ ನೀರು, ಜೊತೆಗೊಂದು ಪುಟ್ಟ ಪಂಪು. ಮುಕ್ಕಾಲು ಗಂಟೆ ಅದು ಸುತ್ತತ್ತೆ. ಸುಣ್ಣಕ್ಕೆ ಹುಳಿ ತಾಗಿದ್ದಕ್ಕೆ ಬುರುಬುರು ನೊರೆ. ಆಮೇಲೆ ಒಳ್ಳೆ ನೀರಲ್ಲಿ ತೊಳೆದು ಜೋಡಿಸೋದು. ನೆಲ ತೊಳೆಯುವ ಖಾರದ ಆಸಿಡ್ ಹಾಕಬಾರದು, ಅದು ತಾಮ್ರವನ್ನೇ ತಿನ್ನತ್ತೆ.

ವಿಡಿಯೋ ಕಾಲಿನಲ್ಲಿ ಇದನ್ನು ನೋಡಿದ ಅಮ್ಮನಿಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಅವಳು ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿ ಬೆಳಗೋದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಹಂಡೆ ಹೊಳೆಯಲಿ ಅಂತ ಮಾಡ್ತಾಳೆ ಅಂದುಕೊಂಡಿದ್ದೆ. ತಾಮ್ರ, ಹುಳಿ, ತಿಕ್ಕುವ ಕೈ, ವರ್ಷಕ್ಕೊಮ್ಮೆಯಾದರೂ ಒಳಗೆ ಬಗ್ಗಿ ನೋಡುವ ಕಣ್ಣು. ನಮ್ಮ ಗೀಸರಿಗೂ ಬೇಕಿದ್ದದ್ದು ಅಷ್ಟೇ.

ಈ ಸಲದ ಹಬ್ಬಕ್ಕೆ ರಜೆ ಸಿಗಲಿಲ್ಲ. ನೀರು ತುಂಬುವ ದಿನ ಸಂಜೆ ಅಮ್ಮ ಫೋನ್ ಮಾಡಿದಳು.

"ಹಂಡೆ ತೊಳೆದ್ಯಾ?"

"ತೊಳೀತಾ ಇದೀನಮ್ಮ. ನೊರೆ ಬರ್ತಿದೆ."

"ಬಚ್ಚಲ ಕಿಟಕಿ?"

"ತೆಗೆದೇ ಇದೆ."

"ಹ್ಞೂಂ. ಬೆಳಿಗ್ಗೆ ಬೇಗ ಎದ್ದು ಎಣ್ಣೆ ಹಚ್ಚಿಕೊಂಡು ಮೀಯಿರಿ ಇಬ್ಬರೂ" ಅಂದು ಫೋನ್ ಇಟ್ಟಳು.