ಲೀಡ್ ಎಷ್ಟು?

ಗುತ್ತಿಗೆದಾರರೊಬ್ಬರ ಕೈಕೆಳಗೆ ನಾನು ಸೈಟ್ ಗುಮಾಸ್ತನಾಗಿ ಸೇರಿದ್ದು 1984ರಲ್ಲಿ, ರಾಣೆಬೆನ್ನೂರಿನ ಕಡೆ. ಮೊದಲ ದಿನವೇ ಕಿವಿಗೆ ಬಿದ್ದ ಮಾತು 'ಲೀಡ್'. ಕ್ವಾರಿಯಿಂದ ಕೆಲಸದ ಜಾಗಕ್ಕೆ ಇರುವ ದೂರಕ್ಕೆ ಆ ಹೆಸರು. ಕಲ್ಲಿನ ಬೆಲೆಗಿಂತ ಅದನ್ನು ತರುವ ಬಾಡಿಗೆಯೇ ಎಷ್ಟೋ ಸಲ ಭಾರ. ಹಾಗಾಗಿ ಹೊಸ ಕೆಲಸದ ಸುದ್ದಿ ಬಂದರೆ ನಮ್ಮ ಧಣಿ ರಸ್ತೆಯ ಉದ್ದ ಕೇಳುವ ಮೊದಲು 'ಲೀಡ್ ಎಷ್ಟೋ?' ಅನ್ನುತ್ತಿದ್ದರು.

ಆಗ ಲಾರಿ ಅಂದರೆ ಎರಡು ಬ್ರಾಸ್ ಜಲ್ಲಿ. ಬ್ರಾಸ್ ಅಂದರೆ ನೂರು ಘನ ಅಡಿ. ಬೆಂಗಳೂರು ಕಡೆ ಇದನ್ನೇ ಯೂನಿಟ್ ಅನ್ನುತ್ತಾರೆ. ಕ್ವಾರಿಯಲ್ಲಿ ಹೆಂಗಸರು ಪುಟ್ಟಿಯಲ್ಲಿ ಹೊತ್ತು ತುಂಬಬೇಕು, ಸೈಟಿನಲ್ಲಿ ಹಮಾಲರು ಸಲಿಕೆಯಿಂದ ಎಳೆದು ಇಳಿಸಬೇಕು. ತುಂಬುವುದಕ್ಕೆ ಒಂದೂವರೆ ತಾಸು, ಇಳಿಸುವುದಕ್ಕೆ ಮುಕ್ಕಾಲು ತಾಸು. ಹನ್ನೆರಡು ಕಿಲೋಮೀಟರ್ ಲೀಡಿಗೆ ದಿನಕ್ಕೆ ಮೂರು ಟ್ರಿಪ್ ಆದರೆ ಡ್ರೈವರ್ ಮೀಸೆ ತಿರುವುತ್ತಿದ್ದ. ಮಳೆ ಬಂದರೆ ಎರೆ ಮಣ್ಣಿನಲ್ಲಿ ಗಾಲಿ ಹೂತು ಅದೂ ಇಲ್ಲ.

ಇಳಿದ ಜಲ್ಲಿಯನ್ನು ರಸ್ತೆ ಪಕ್ಕ ಗುಡ್ಡೆ ಒಟ್ಟಿ, ಟೇಪು ಹಿಡಿದು ಅಳೆದು, ಎಂ.ಬಿ. ಅಂದರೆ ಅಳತೆ ಪುಸ್ತಕಕ್ಕೆ ಏರಿಸುವುದು. ಗುಡ್ಡೆಯ ಹೊಟ್ಟೆಯಲ್ಲಿ ಮಣ್ಣಿನ ದಿಬ್ಬ ಉಳಿಸಿ ಮೇಲೆ ಜಲ್ಲಿ ಹೊದಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಳೆದವರಿಗೆ ಗೊತ್ತಿರಲಿಲ್ಲ ಅಂತ ನಾನೇನೂ ಹೇಳಲಾರೆ. ವೇಬ್ರಿಡ್ಜ್ ಬಂದ ಮೇಲೆ ಆ ಕಲೆ ಸತ್ತಿತು, ಬೇರೆ ಕಲೆಗಳು ಹುಟ್ಟಿದವು.

ಡಾಂಬರು ಡ್ರಮ್ಮುಗಳಲ್ಲಿ ಬರುತ್ತಿತ್ತು. ಕೊಡಲಿಯಿಂದ ತಗಡು ಸೀಳಿ, ಒಳಗಿನ ಕಪ್ಪು ಗಟ್ಟಿಯನ್ನು ಬಾಯ್ಲರಿಗೆ ಹಾಕಿ, ಕೆಳಗೆ ಕಟ್ಟಿಗೆ ಉರಿ. ಖಾಲಿ ಡ್ರಮ್ಮನ್ನು ಬಡಿದು ಚಪ್ಪಟೆ ಮಾಡಿದರೆ ಕೂಲಿಯವರ ಗುಡಿಸಿಲಿಗೆ ಗೋಡೆ. ಮುಂದೆ ಮಂಗಳೂರಿನ ರಿಫೈನರಿಯಿಂದ ಟ್ಯಾಂಕರಿನಲ್ಲಿ ಬಿಸಿಬಿಸಿಯಾಗಿಯೇ ಡಾಂಬರು ಘಟ್ಟ ಹತ್ತಿ ಬರತೊಡಗಿತು. ಗುಡಿಸಿಲುಗಳಿಗೆ ನೀಲಿ ತಾಡಪಾಲು ಬಂತು.

ಎಲ್ಲ ತಲೆಕೆಳಗಾದದ್ದು 2000ದ ಆಚೀಚೆ, ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಪುಣೆ-ಬೆಂಗಳೂರು ರಸ್ತೆ ಅಗಲವಾಗತೊಡಗಿದಾಗ. ನನಗೆ ಹೊಸ ಕಂಪನಿ, ಹೊಸ ಕೆಲಸ: ಟಿಪ್ಪರ್ ಲೆಕ್ಕ. ಏಳು ಮೀಟರ್ ಅಗಲದ ರಸ್ತೆಗೆ ಕಾಲು ಮೀಟರ್ ದಪ್ಪ ವೆಟ್ ಮಿಕ್ಸ್ (ನೀರು ಬೆರೆಸಿದ ಜಲ್ಲಿ) ಹಾಸಿದರೆ ಒಂದು ಕಿಲೋಮೀಟರಿಗೆ 1,750 ಘನ ಮೀಟರ್, ಹತ್ತಿರ ಹತ್ತಿರ 3,850 ಟನ್. ಹಳೇ ಲಾರಿಯಾದರೆ ನಾನೂರು ಟ್ರಿಪ್ಪಿಗೂ ಮೇಲೆ. ಹದಿನೈದು ಟನ್ ಹೊರುವ ಹತ್ತು ಚಕ್ರದ ಟಿಪ್ಪರಿಗೆ ಸುಮಾರು 257. ಅದೂ ಒಂದೇ ಪದರಕ್ಕೆ. ಜ್ಯಾಕ್ ಎತ್ತಿದರೆ ಎರಡು ನಿಮಿಷದಲ್ಲಿ ಡಬ್ಬಿ ಖಾಲಿ. ಹಮಾಲರು ಹಳೇ ರೂಢಿಯಲ್ಲಿ ಸಲಿಕೆ ಹಿಡಿದು ಒಂದು ವಾರ ಬಂದರು. ಆಮೇಲೆ ಬರಲಿಲ್ಲ.

ಇಷ್ಟಾದರೂ ಡಾಂಬರು ಹಾಸುವಾಗ ದಿನಾ ಜಗಳ. ಹಾಟ್ ಮಿಕ್ಸ್ ಪ್ಲಾಂಟಿನಿಂದ ಮಾಲು ಸುಮಾರು 150 ಡಿಗ್ರಿಯಲ್ಲಿ ಹೊರಡುತ್ತದೆ. 90ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿದಿರಬೇಕು. ಒಂದು ಬೆಳಿಗ್ಗೆ ರೈಲ್ವೆ ಗೇಟು ಬಿದ್ದು ನಾಲ್ಕು ಟಿಪ್ಪರ್ ಸಾಲಾಗಿ ನಿಂತವು. ಒಂದು ಗೂಡ್ಸ್ ಹೋಯಿತು, ಗೇಟು ಏಳಲಿಲ್ಲ, ಎದುರಿನಿಂದ ಇನ್ನೊಂದು. ಸೈಟಿಗೆ ಬಂದಾಗ ತಾಡಪಾಲಿನ ಕೆಳಗೆ ಮಾಲು ಹೆಪ್ಪುಗಟ್ಟಿ ರೊಟ್ಟಿಯಾಗಿತ್ತು. ಇಂಜಿನಿಯರ್ ಥರ್ಮಾಮೀಟರ್ ಚುಚ್ಚಿ ನೋಡಿ, ಮಾತಾಡದೆ ಕೈಯಲ್ಲೇ 'ವಾಪಸ್' ಅಂದರು. ಅರವತ್ತು ಟನ್ ಮಣ್ಣುಪಾಲು.

ಬೈಗುಳವೆಲ್ಲ ಡ್ರೈವರುಗಳಿಗೆ. 'ಜೋರಾಗಿ ಓಡಿಸಿ, ಇನ್ನೂ ಗಾಡಿ ಹಾಕಿ' ಅನ್ನುವುದೊಂದೇ ಮದ್ದು. ನನಗೇಕೋ ಅನುಮಾನ. ಟ್ರಿಪ್ ಚೀಟಿಯ ಹಿಂದೆ ನಾಲ್ಕು ಹೊತ್ತು ಬರೆಸತೊಡಗಿದೆ: ಪ್ಲಾಂಟ್ ಬಿಟ್ಟದ್ದು, ಸೈಟು ಮುಟ್ಟಿದ್ದು, ಸುರಿದದ್ದು, ಪ್ಲಾಂಟಿಗೆ ಮರಳಿದ್ದು. ತಿಂಗಳಾದ ಮೇಲೆ ಚೀಟಿಗಳನ್ನು ಚಾಪೆ ಮೇಲೆ ಹರಡಿಕೊಂಡು ಕೂತೆ. ಪ್ಲಾಂಟಿನಿಂದ ತಾಸಿಗೆ ಅರವತ್ತು ಟನ್, ಅಂದರೆ ನಾಲ್ಕೇ ಟಿಪ್ಪರ್ ಮಾಲು. ತುಂಬಿಕೊಂಡು, ಹೋಗಿ, ಸುರಿದು, ಬರಲು ಎರಡು ತಾಸಿಗಿಂತ ತುಸು ಕಡಿಮೆ. ಎಂಟು ಗಾಡಿ ಸಾಕು. ನಾವು ಹಾಕಿದ್ದು ಹನ್ನೆರಡು! ಹೆಚ್ಚಿನ ನಾಲ್ಕು ಗಾಡಿ ಡಾಂಬರು ಹಾಸುವ ಪೇವರ್ ಮುಂದೋ ಪ್ಲಾಂಟಿನ ಬಾಯಲ್ಲೋ ಸಾಲು ನಿಲ್ಲುವುದಕ್ಕೇ ಬಾಡಿಗೆ ತಿನ್ನುತ್ತಿದ್ದವು; ಒಳಗಿನ ಮಾಲು ಆರುತ್ತಿತ್ತು. ನಾಲ್ಕನ್ನು ತೆಗೆದು ಜಲ್ಲಿಗೆ ಹಾಕಿದೆವು. ಪ್ಲಾಂಟಿನಿಂದ ಕಾಲು ತಾಸಿಗೊಂದು ಗಾಡಿ, ರೈಲಿನ ಹೊತ್ತು ನೋಡಿಕೊಂಡು. ಟ್ರಿಪ್ ಲೆಕ್ಕದ ಬಾಡಿಗೆ ಬಿಟ್ಟು ದಿನಗೂಲಿ ಮಾಡಿದ ಮೇಲೆ ಓವರ್‌ಟೇಕ್ ಪೈಪೋಟಿಯೂ ನಿಂತಿತು. ಜಲ್ಲಿ ಗಾಡಿಗಳಿಗೆ ಟನ್ ಲೆಕ್ಕವೇ ಉಳಿಯಿತು. ಅಲ್ಲಿ ಡಬ್ಬಿಯ ಮೇಲೆ ಹಲಗೆ ಏರಿಸಿ ತುಂಬುವ ಚಾಳಿ ಕೊನೆಯವರೆಗೂ ಹೋಗಲಿಲ್ಲ.

ಆ ಭಾರವನ್ನೆಲ್ಲ ಹೊತ್ತದ್ದು ಕ್ವಾರಿಯ ದಾರಿಯಲ್ಲಿದ್ದ ಹಳ್ಳಿಯ ರಸ್ತೆ. ಎತ್ತಿನ ಗಾಡಿಗೆಂದು ಹಾಕಿದ ಮೆಟ್ಲಿಂಗ್ ಒಂದೇ ಬೇಸಿಗೆಯಲ್ಲಿ ಹುಡಿ. ಜೋಳದ ತೆನೆಯ ಮೇಲೆ ಬಿಳಿ ದೂಳು ಕೂತು ಫಸಲು ಕೆಟ್ಟಿತೆಂದು ರೈತರು ಟಿಪ್ಪರಿಗೆ ಅಡ್ಡ ಮಲಗಿದರು. ದಿನಕ್ಕೆರಡು ಸಲ ನೀರು ಚಿಮುಕಿಸುತ್ತೇವೆ, ಕೆಲಸ ಮುಗಿದ ಮೇಲೆ ರಸ್ತೆ ಮಾಡಿಕೊಡುತ್ತೇವೆ ಅಂತ ಒಪ್ಪಂದವಾಯಿತು. ನೀರು ಚಿಮುಕಿಸಿದರು.

ಹೆದ್ದಾರಿ ಮುಗಿದು ಕಂಪನಿ ಗಂಟುಮೂಟೆ ಕಟ್ಟಿತು. ಮೂರು ಮಳೆಗಾಲ ಕಳೆದ ಮೇಲೆ ಮದುವೆಯೊಂದಕ್ಕೆಂದು ಆ ಹಳ್ಳಿಗೆ ಹೋದೆ. ಬಸ್ಸು ಗುಂಡಿಯಿಂದ ಗುಂಡಿಗೆ ತೆವಳುತ್ತಿತ್ತು. ಅಂದು ಅಡ್ಡ ಮಲಗಿದ್ದವರಲ್ಲೊಬ್ಬರು ಚಪ್ಪರದಲ್ಲಿ ಗುರುತು ಹಿಡಿದು, ಎಲೆ ಅಡಿಕೆ ಕೊಟ್ಟು, ನಮ್ಮದೇ ಭಾಷೆಯಲ್ಲಿ ಕೇಳಿದರು: 'ಗುಮಾಸ್ತರ, ಕ್ವಾರಿಯಿಂದ ನಮ್ಮ ಊರಿಗೆ ಲೀಡ್ ಎಷ್ಟ್ರೀ?'

ಎರಡು ಕಿಲೋಮೀಟರ್.