ಪೀಪಾಯಿ ಡೋಲಿನ ಊರು

ಜನವರಿ 2. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರಕ್ಕೆ ಅಂದು ‘ಎರಡನೆಯ ಹೊಸವರ್ಷ’. ಚಪ್ಪಟೆ ತಲೆಯ ಟೇಬಲ್ ಬೆಟ್ಟದ ಬುಡದ ಬೀದಿಗಳಲ್ಲಿ ಮಿರಿಮಿರಿ ಮಿಂಚುವ ಬಟ್ಟೆ ತೊಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡ ತಂಡಗಳು ಕುಣಿಯುತ್ತ ಸಾಗುತ್ತವೆ. ಬ್ಯಾಂಜೊ, ತುತ್ತೂರಿಗಳ ನಡುವೆ ‘ಗೂಮಾ’ ಎಂಬ ಡೋಲಿನ ಸದ್ದು. ಪುಟ್ಟ ಮರದ ಪೀಪಾಯಿಯ ಒಂದು ಬಾಯಿಗೆ ಚರ್ಮ ಬಿಗಿದರೆ ಗೂಮಾ ಸಿದ್ಧ. ಬಡವರ ವಾದ್ಯ.

ಗುಲಾಮಗಿರಿಯ ಕಾಲದಲ್ಲಿ ಹೊಸವರ್ಷದ ದಿನ ಧಣಿಗಳಿಗೆ ಹಬ್ಬ, ಆಳುಗಳಿಗೆ ದುಡಿತ. ಮಾರನೆಯ ದಿನ ಆಳುಗಳಿಗೆ ರಜೆ. ಆ ರಜೆಯೇ ಈ ಮೆರವಣಿಗೆಯ ಮೂಲ. ಇಂಡೊನೇಷ್ಯ, ಮಡಗಾಸ್ಕರ್, ಮೊಜಾಂಬಿಕ್‌ಗಳಿಂದ ಹಡಗಿನಲ್ಲಿ ಹೇರಿ ತಂದ ಈ ಜನರಲ್ಲಿ ನಮ್ಮ ಬಂಗಾಳ, ಮಲಬಾರ್, ಕೋರಮಂಡಲ ತೀರದವರೂ ಇದ್ದರು. ಇವರೂ ಅಲ್ಲಿನ ಮೂಲನಿವಾಸಿ ಖೊಯ್ ಜನರೂ ಡಚ್ಚರ ಭಾಷೆಯನ್ನು ಅಡುಗೆಮನೆ, ಹೊಲಗಳಲ್ಲಿ ಆಡಿ ಆಡಿ ಸವೆಸಿದರು. ಕ್ರಿಯಾಪದಗಳ ಕಗ್ಗಂಟು ಸಡಿಲವಾಯಿತು, ಮಲಯ ಶಬ್ದಗಳು ಸೇರಿದವು. ಆಫ್ರಿಕಾನ್ಸ್ ಬೆಳೆದದ್ದು ಹೀಗೆ. ಬೋಕಾಪ್ ಬಡಾವಣೆಯ ಬಣ್ಣದ ಮನೆಗಳ ಮುಂದೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, 19ನೆಯ ಶತಮಾನದಲ್ಲಿ ಅಲ್ಲಿನ ಮದರಸಾಗಳಲ್ಲಿ ಮಕ್ಕಳು ಈ ಭಾಷೆಯನ್ನು ಅರಬ್ಬೀ ಲಿಪಿಯಲ್ಲಿ ಕಲಿಯುತ್ತಿದ್ದರು!

ಆಳುಗಳ ಬಾಯಲ್ಲಿ ಬೆಳೆದ ಆ ನುಡಿ ಮುಂದೆ ಬಿಳಿಯರ ಸರಕಾರದ ಕೈಯಲ್ಲಿ ದೊಣ್ಣೆಯಾಯಿತು. ಕರಿಯರ ಮಕ್ಕಳು ಗಣಿತ, ಸಮಾಜ ಪಾಠಗಳನ್ನು ಆಫ್ರಿಕಾನ್ಸ್‌ನಲ್ಲೇ ಓದಬೇಕೆಂಬ ಆಜ್ಞೆಯ ವಿರುದ್ಧ 1976ರ ಜೂನ್ 16ರಂದು ಜೊಹಾನ್ಸ್‌ಬರ್ಗ್ ಬಳಿಯ ಸೊವೆಟೊದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಬೆಳಿಗ್ಗೆ ಸಮವಸ್ತ್ರ ತೊಟ್ಟು ಹೊರಟ ಎಷ್ಟೋ ಮಕ್ಕಳು ಮನೆಗೆ ಮರಳಲಿಲ್ಲ.

ಅಷ್ಟಾದ ಮೇಲೂ ಕರಿಯ ಗಾಯಕನೊಬ್ಬ ಆ ಭಾಷೆಯಲ್ಲಿ ಹಾಡುವುದುಂಟೆ? ಉಂಟು. 1964ರಲ್ಲಿ ಎರ್ಮೆಲೊ ಎಂಬಲ್ಲಿ ಹುಟ್ಟಿದ ಲಕಿ ಡ್ಯೂಬೆ ಮೊದಲು ಹಾಡಿದ್ದು ಜುಲು ಜನರ ‘ಎಂಬಕಾಂಗಾ’. ಗಿಟಾರು ಕುಣಿದಾಡುವ, ಕಾಲು ಸುಮ್ಮನಿರಗೊಡದ ಜೈವ್ ಸಂಗೀತ ಅದು. 1984ರಲ್ಲಿ ಜಮೈಕಾದ ರೆಗ್ಗೆಗೆ ಹೊರಳಿದರು. ಆ ಧ್ವನಿಮುದ್ರಿಕೆಯನ್ನು ಸರಕಾರ ನಿಷೇಧಿಸಿತು. ರೆಗ್ಗೆಯಲ್ಲಿ ಗಿಟಾರು ಮಿಡಿಯುವುದು ತಾಳದ ಪೆಟ್ಟಿನ ಮೇಲಲ್ಲ, ಎರಡು ಪೆಟ್ಟುಗಳ ನಡುವೆ. ಡ್ಯೂಬೆ ಅದಕ್ಕೆ ಜೈವ್‌ನಲ್ಲಿ ಪಳಗಿದ ಕಂಠವನ್ನೂ ಹೆಂಗಸರ ಹಿಮ್ಮೇಳವನ್ನೂ ಬೆಸೆದರು. ‘ಊಮ್ ಹಾನ್ಸಿ’, ಅಂದರೆ ಹಾನ್ಸಿ ಮಾಮ, ಎಂಬ ಹುಸಿ ಹೆಸರಿನಲ್ಲಿ ಆಫ್ರಿಕಾನ್ಸ್‌ನಲ್ಲೂ ಒಂದು ಧ್ವನಿಮುದ್ರಿಕೆ ತಂದರು. ದೊಣ್ಣೆಯನ್ನೇ ಕಿತ್ತುಕೊಂಡು ಕೋಲಾಟ ಆಡಿದಂತೆ! 2007ರ ಅಕ್ಟೋಬರ್ 18ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಕಾರು ಕಳ್ಳರ ಗುಂಡಿಗೆ ಅವರು ಬಲಿಯಾದರು.

ಕೇಪ್‌ಟೌನಿಗೇ ಮರಳಿದರೆ, ಊರ ನಡುವಿನ ಡಿಸ್ಟ್ರಿಕ್ಟ್ ಸಿಕ್ಸ್ ಈ ಬೆರಕೆ ನುಡಿ, ಬೆರಕೆ ಹಾಡುಗಳ ಬೀಡಾಗಿತ್ತು. 1966ರಲ್ಲಿ ಸರಕಾರ ಅದನ್ನು ಬಿಳಿಯರ ಪ್ರದೇಶವೆಂದು ಸಾರಿತು. ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ, ದೂರದ ಮರಳು ಬಯಲಿಗೆ ಅಟ್ಟಿ, ಮನೆಗಳನ್ನು ನೆಲಸಮ ಮಾಡಿತು. ಆ ಬಯಲಿನ ಮಾನೆನ್‌ಬರ್ಗ್ ಕೇರಿಯ ಹೆಸರನ್ನೇ ಪಿಯಾನೊ ವಾದಕ ಅಬ್ದುಲ್ಲಾ ಇಬ್ರಾಹಿಂ 1974ರಲ್ಲಿ ತಮ್ಮ ಕೃತಿಯೊಂದಕ್ಕೆ ಇಟ್ಟರು. ಮಾತಿಲ್ಲದ ಆ ವಾದ್ಯಸಂಗೀತ ವರ್ಣಭೇದ ವಿರೋಧಿಗಳ ನಾಡಗೀತೆಯಂತಾಯಿತು.

ಹಳೆಯ ಬಡಾವಣೆಯ ನೆನಪಿಗೆ 1994ರಲ್ಲಿ ಚರ್ಚೊಂದರ ಕಟ್ಟಡದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ನೆಲದ ತುಂಬ ಕಳೆದುಹೋದ ಬೀದಿಗಳ ನಕ್ಷೆ ಹಾಸಿದೆ. ಒಕ್ಕಲೆದ್ದವರು ಮೊಣಕಾಲೂರಿ ಕುಳಿತು, ತಮ್ಮ ಮನೆ ಇದ್ದ ಜಾಗ ಹುಡುಕಿ, ಅದರ ಮೇಲೆ ಹೆಸರು ಬರೆದಿದ್ದಾರೆ.