ತೆರಪಿನಲ್ಲಿ ಕಲಿತವರು

ಪ್ರತಿ ಶನಿವಾರ ಸಂಜೆ ಐದಕ್ಕೆ ಅನುವಾದದ ಕೆಲಸ ಬದಿಗಿಟ್ಟು, ಪುಣೆಯ ನಮ್ಮ ಮನೆಯ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಪರದೆಯ ಮೇಲೆ ಒಂದೊಂದೇ ಮುಖ ಮೂಡುತ್ತದೆ. ಚೆನ್ನೈ, ಹೈದರಾಬಾದ್, ದೆಹಲಿ, ಉಳಿದವು ಪುಣೆಯವೇ. ಏಳರಿಂದ ಹನ್ನೆರಡು ವರ್ಷದ ಮಕ್ಕಳು. ಮನೆಯಲ್ಲಿ ಅಷ್ಟೋ ಇಷ್ಟೋ ಕನ್ನಡ ಕಿವಿಗೆ ಬಿದ್ದಿರುತ್ತದೆ, ಶಾಲೆಯಲ್ಲಿ ಅದರ ಸುಳಿವಿಲ್ಲ. ಅವರಿಗೆ ನಾನು ಕನ್ನಡ ಓದಲು, ಬರೆಯಲು ಕಲಿಸುತ್ತೇನೆ. ಮಕ್ಕಳು ನನ್ನನ್ನು ಅಕ್ಕ ಎನ್ನುತ್ತಾರೆ.

ಲಾಕ್‌ಡೌನ್‌ಗೆ ಮೊದಲು ಈ ತರಗತಿ ಇಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ನಡೆಯುತ್ತಿತ್ತು. ಹನ್ನೊಂದು ಮಕ್ಕಳಿಂದ ಶುರುವಾಗಿ ಆರಕ್ಕೆ ಇಳಿದಿತ್ತು. ಕಾರಣ ಕನ್ನಡದ ಮೇಲಿನ ಅನಾದರವಲ್ಲ, ಪುಣೆಯ ಟ್ರಾಫಿಕ್. ಒಂದು ಗಂಟೆಯ ಪಾಠಕ್ಕೆ ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕು ಎಂದರೆ ಯಾವ ಅಪ್ಪ ಅಮ್ಮ ಎಷ್ಟು ವಾರ ಬಂದಾರು? 2020ರ ಜೂನ್‌ನಲ್ಲಿ ಅದೇ ತರಗತಿ ಪರದೆಗೆ ಬಂದಾಗ ಮೂರೇ ವಾರದಲ್ಲಿ ಹದಿನಾಲ್ಕು ಮಕ್ಕಳಾದರು. ಆನ್‌ಲೈನ್ ಶಿಕ್ಷಣದ ಲಾಭ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹೊರನಾಡಿನಲ್ಲಿ ನಾವು ಒಂದು ಬೀದಿಯಲ್ಲಿ ಒಟ್ಟಿಗೆ ಇರುವವರಲ್ಲ. ನಮ್ಮ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಲು ಬೇರೆ ದಾರಿ ಇರಲಿಲ್ಲ.

ನಷ್ಟ ಏನೆಂದು ಮೊದಲ ದಿನವೇ ಗೊತ್ತಾಯಿತು. ಕಾಗುಣಿತವನ್ನು ರಾಗವಾಗಿ, ಒಕ್ಕೊರಲಿನಿಂದ ಹೇಳಿಸೋಣ ಎಂದು ಎಲ್ಲರ ಮೈಕ್ ತೆರೆಸಿದೆ. ‘ಕ ಕಾ ಕಿ ಕೀ’ ಎಂದು ಶುರುವಾದದ್ದು ‘ಕೌ’ ಮುಟ್ಟುವ ಹೊತ್ತಿಗೆ ಸಂತೆಯಾಗಿತ್ತು. ಒಬ್ಬಳು ಮುಗಿಸಿದಾಗ ಇನ್ನೊಬ್ಬ ನಡುವಿನಲ್ಲಿದ್ದ, ಇಬ್ಬರ ದನಿ ಕೇಳಿಸಲೇ ಇಲ್ಲ. ಇದರಲ್ಲಿ ಮಕ್ಕಳ ತಪ್ಪಿಲ್ಲ. ಮನುಷ್ಯರ ಮಾತುಕತೆ ಬಹಳ ಸೂಕ್ಷ್ಮ ಲಯದಲ್ಲಿ ನಡೆಯುತ್ತದೆ. 2009ರಲ್ಲಿ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದ ಒಂದು ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಎಂದು ಕಂಡುಬಂದಿತ್ತು. ಅಂದರೆ ಸೆಕೆಂಡಿನ ಐದರಲ್ಲೊಂದು ಪಾಲು. ವಿಡಿಯೊ ಕರೆಯಲ್ಲಿ ದನಿ ಆ ಕಡೆಯಿಂದ ಈ ಕಡೆ ಬರುವುದಕ್ಕೇ ಎಷ್ಟೋ ಸಲ ಅಷ್ಟು ಹೊತ್ತು ಬೇಕು. ಒಬ್ಬೊಬ್ಬರಿಗೆ ಒಂದೊಂದು ವಿಳಂಬ ಬೇರೆ. ಜೊತೆಗೆ ಈ ಆ್ಯಪ್‌ಗಳು ಒಬ್ಬರ ದನಿಯನ್ನು ಎತ್ತಿ ಹಿಡಿದು ಉಳಿದದ್ದನ್ನು ಗದ್ದಲ ಎಂದು ತಗ್ಗಿಸುತ್ತವೆ. ಒಕ್ಕೊರಲು ಎಂಬುದು ಅಲ್ಲಿ ಸಾಧ್ಯವೇ ಇಲ್ಲ.

ಸರಿ, ಒಬ್ಬೊಬ್ಬರೇ ಹೇಳಲಿ, ಉಳಿದವರು ಮೈಕ್ ಮುಚ್ಚಿರಲಿ ಎಂದು ನಿಯಮ ಮಾಡಿದೆ. ಮನೆಯವರು ಹಿಂದೆ ನಿಂತು ಹೇಳಿಕೊಡಬಾರದು, ಚೌಕಟ್ಟಿನಲ್ಲಿ ಮಗು ಮಾತ್ರ ಕಾಣಬೇಕು ಎಂಬ ಇನ್ನೊಂದು ನಿಯಮವನ್ನೂ ಸೇರಿಸಿದೆ. ಆಗ ನನಗೆ ಅದು ಶಿಸ್ತು ಎನಿಸಿತ್ತು.

ದೆಹಲಿಯ ಹುಡುಗ ಸೇರಿದ್ದು 2021ರ ಜುಲೈನಲ್ಲಿ. ಎಂಟು ವರ್ಷ. ತಾಯಿಯ ಕಡೆಯವರು ಧಾರವಾಡದವರು, ತಂದೆ ಹಿಂದಿಯವರು, ಮನೆಮಾತು ಹಿಂದಿ. ಧಾರವಾಡದ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವಷ್ಟಾದರೂ ಕನ್ನಡ ಬರಲಿ ಎಂದು ತಾಯಿ ಸೇರಿಸಿದ್ದರು. ಹುಡುಗ ಬಹಳ ಚೆನ್ನಾಗಿ ಕಲಿತ. ಅಂದರೆ, ನಾನು ಹಾಗೆ ಅಂದುಕೊಂಡೆ. ವಾಟ್ಸ್ಆ್ಯಪ್‌ನಲ್ಲಿ ಬರುತ್ತಿದ್ದ ಕಾಪಿಯ ಅಕ್ಷರಗಳು ದುಂಡಗೆ. ಪಾಠ ಓದು ಎಂದರೆ ತಡವರಿಸದೆ ಓದುತ್ತಿದ್ದ. ಕೆಲವು ತಪ್ಪುಗಳು ಮಾತ್ರ ಬಿಡದೆ ಬರುತ್ತಿದ್ದವು. ‘ಕೆರೆ’ಯನ್ನು ‘ಕೇರೆ’ ಎಂದು ಓದುತ್ತಿದ್ದ. ಕೆರೆಯ ದಡದಲ್ಲಿ ನಿಂತ ಹುಡುಗಿಯ ಪಾಠ ಅವನ ಬಾಯಲ್ಲಿ ಹಾವಿನ ಕತೆಯಾಗಿತ್ತು. ಅಜ್ಜಿ ‘ಒಲೆ’ ಹಚ್ಚಿದಳು ಎಂದಿದ್ದರೆ ಇವನ ಅಜ್ಜಿ ‘ಓಲೆ’ ಹಚ್ಚುತ್ತಿದ್ದಳು. ‘ಮರ’ ಎಂಬುದು ‘ಮರ್’ ಆಗುತ್ತಿತ್ತು.

ನಾನು ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳು. ನನ್ನ ನೋಟ್‌ಬುಕ್ಕಿನಲ್ಲಿ ‘ಹಿಂದಿ ಪ್ರಭಾವ, ಉಚ್ಚಾರಣೆ ತಿದ್ದಬೇಕು’ ಎಂದು ಬರೆದುಕೊಂಡೆ. ಡಿಸೆಂಬರ್ ಹೊತ್ತಿಗೆ ಆ ತಪ್ಪುಗಳು ಥಟ್ಟನೆ ಕಡಿಮೆಯಾದವು. ‘ಎ, ಏ ಸುಧಾರಿಸಿದೆ’ ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

2022ರ ಮಾರ್ಚ್‌ನಲ್ಲಿ ಅನುವಾದದ ಕೆಲಸದ ಮೇಲೆ ದೆಹಲಿಗೆ ಹೋಗಿದ್ದಾಗ ಅವರ ಮನೆಗೆ ಊಟಕ್ಕೆ ಕರೆದರು. ಹುಡುಗನಿಗೆಂದು ಒಂದು ಚಿತ್ರದ ಕತೆಪುಸ್ತಕ ಒಯ್ದಿದ್ದೆ. ಓದು ನೋಡೋಣ ಎಂದು ಕೈಗಿತ್ತೆ. ಅವನು ಮೊದಲ ಪುಟ ತೆರೆದ. ಚಿತ್ರ ನೋಡಿದ. ಅಮ್ಮನ ಮುಖ ನೋಡಿದ. ‘ಮ’ವನ್ನೂ ‘ರ’ವನ್ನೂ ಗುರುತಿಸಿದ, ಇನ್ನು ಕೆಲವನ್ನು ಊಹಿಸಿದ. ಒಂದು ಸಾಲು ಓದಲಾಗಲಿಲ್ಲ. ಎಂಟು ತಿಂಗಳು ನನ್ನ ತರಗತಿಯಲ್ಲಿ ಎಲ್ಲರಿಗಿಂತ ಸರಾಗವಾಗಿ ಓದಿದ ಹುಡುಗ.

ಅವನು ಪಾಠಕ್ಕೆ ಕೂರುವ ಮೇಜು ಅಲ್ಲೇ ಮೂಲೆಯಲ್ಲಿತ್ತು. ಲ್ಯಾಪ್‌ಟಾಪಿನ ಹಿಂದಿನ ಗೋಡೆಯ ಮೇಲೆ, ನನ್ನ ಕ್ಯಾಮೆರಾಕ್ಕೆ ಎಂದೂ ಕಾಣದ ಜಾಗದಲ್ಲಿ, ಹಾಳೆಗಳನ್ನು ಅಂಟಿಸಿದ್ದರು. ನನ್ನ ಪಾಠಗಳೇ, ಸಾಲು ಸಾಲಾಗಿ, ದೇವನಾಗರಿಯಲ್ಲಿ.

ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಹಿಂದಿಯವರು ಬಳಸುವ ದೇವನಾಗರಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಕೆರೆ, ಕೇರೆ ಎರಡನ್ನೂ ಅದರಲ್ಲಿ ಒಂದೇ ರೀತಿ ಬರೆಯಬೇಕು. ಪದದ ಕೊನೆಯ ಅಕಾರವನ್ನು ಹಿಂದಿ ಓದುಗರು ನುಂಗುತ್ತಾರೆ, ಹಾಗಾಗಿ ‘ಮರ್’. ಆ ಹುಡುಗನ ಒಂದೊಂದು ತಪ್ಪೂ ‘ನಾನು ಓದುತ್ತಿರುವುದು ಕನ್ನಡ ಲಿಪಿಯನ್ನಲ್ಲ’ ಎಂದು ಕೂಗಿ ಹೇಳುತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿದ್ದರೆ ಎರಡು ಪುಟ ಉತ್ತರ ಬರೆದು ಬರುತ್ತಿದ್ದೆ. ಪರದೆಯ ಮೇಲೆ ಆ ಮುದ್ದು ಮುಖ ನೋಡುತ್ತಾ ನನಗೆ ಹೊಳೆಯಲೇ ಇಲ್ಲ.

ತಾಯಿ ತಲೆ ತಗ್ಗಿಸಿ ನಿಂತಿದ್ದರು. “ತಪ್ಪಾತ್ರೀ ಮೇಡಂ. ಅವ ಒಬ್ಬನ ಓದಬೇಕಂದ್ರ ಅಂಜತಿದ್ದ. ಎಲ್ಲಾರೂ ಅವನ್ನ ನೋಡತಾರಲ್ರೀ” ಎಂದರು.

“ಇದನ್ನೆಲ್ಲ ಯಾರು ಬರೆದುಕೊಟ್ಟರು?” ಎಂದು ಕೇಳಿದೆ. ಏಕೆಂದರೆ ಅವರ ತಂದೆ ರೈಲ್ವೆಯಲ್ಲಿದ್ದರು, ಅವರು ಬೆಳೆದದ್ದು ಝಾನ್ಸಿಯಲ್ಲಿ, ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಎಂದು ಮೊದಲೇ ಹೇಳಿದ್ದರು.

“ನಾನ ರೀ. ಮೊದಲ ನೀವು ಪಾಠ ಓದತಿದ್ರಲ್ಲ, ಅಡಿಗಿಮನ್ಯಾಗ ನಿಂತು ಕೇಳಿ ಹಿಂದ್ಯಾಗ ಬರಕೊಂತಿದ್ದೆ. ಆಮ್ಯಾಲೆ ನೀವು ಕಳಿಸಿದ ಪಿಡಿಎಫ್ ತಗದು ಎರಡನ್ನೂ ಬಾಜೂಕ ಇಟ್ಟು ನೋಡತಿದ್ದೆ. ಇದು ಈ ಅಕ್ಷರ, ಅದು ಆ ಅಕ್ಷರ ಅಂತ.”

ಹೀಗೆ ನೋಡುತ್ತಾ ನೋಡುತ್ತಾ ಒಂದು ದಿನ ಅವರಿಗೆ ಒಂದು ಸಂಗತಿ ಕಂಡಿತ್ತು. ತಾನು ಒಂದೇ ಥರ ಬರೆದುಕೊಂಡ ‘ಕೆ’ಗೆ ಕನ್ನಡದಲ್ಲಿ ಒಮ್ಮೆ ಬಾಲ ಇದೆ, ಒಮ್ಮೆ ಇಲ್ಲ. ಮಾತಾಡುವಾಗ ನಾಲಗೆಗೆ ಗೊತ್ತಿದ್ದ ವ್ಯತ್ಯಾಸ ಕಣ್ಣಿಗೂ ಗೊತ್ತಾಯಿತು. ಅಂದಿನಿಂದ ಗಿಡ್ಡ ಸ್ವರ ಇದ್ದಲ್ಲೆಲ್ಲ ದೇವನಾಗರಿ ಅಕ್ಷರದ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟು ಮಗನಿಗೆ ಹೇಳಿಕೊಟ್ಟರು. ಡಿಸೆಂಬರಿನ ನನ್ನ ಸಾಧನೆ ಆ ಕೆಂಪು ಚುಕ್ಕೆ.

ನಾನು ತಂದಿದ್ದ ಪುಸ್ತಕವನ್ನು ಅವರ ಕೈಗೆ ಕೊಟ್ಟೆ. ಒತ್ತಕ್ಷರ ಬಂದಲ್ಲಿ ನಿಂತು, ಬೆರಳಿಟ್ಟು, ಅವರು ಪೂರ್ತಿ ಓದಿದರು.

ಇದಾದ ಮೇಲೆ ನನಗೆ ಅಮ್ಮನ ಬಿ.ಎ. ನೆನಪಾಯಿತು. ಅಮ್ಮ ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ, ಎಂಬತ್ತರ ದಶಕದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಮೂಲಕ ಪದವಿ ಪಡೆದವಳು. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಆರಂಭಿಸಿದ ಅಂಚೆ ಮೂಲಕದ ಪಾಠ ಮೈಸೂರಿಗೆ ಬಂದದ್ದು 1969ರಲ್ಲಿ. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಮ್ಮನ ಕಾಲದಲ್ಲಿ ಜನ ಅದನ್ನು ‘ಅಂಚೆ ತೆರಪಿನ ಶಿಕ್ಷಣ’ ಎನ್ನುತ್ತಿದ್ದರು. ಅನುವಾದಕಿಯಾಗಿ ನನಗೆ ಈ ಪದದ ಮೇಲೆ ಬಹಳ ಪ್ರೀತಿ. ‘ದೂರ ಶಿಕ್ಷಣ’ ಎಂದರೆ ಕಲಿಸುವವರಿಂದ ಕಲಿಯುವವರು ಎಷ್ಟು ದೂರ ಇದ್ದಾರೆ ಎಂಬ ಲೆಕ್ಕ. ತೆರಪು ಎಂದರೆ ಬಿಡುವು, ಸಂದು, ಎಡೆ. ಅದು ಕಲಿಯುವವರ ದಿನದ ಲೆಕ್ಕ. ಅಮ್ಮ ಓದಿದ್ದು ಹಾಲು ಕಾಯುವ ತೆರಪಿನಲ್ಲಿ, ಮಾವನವರ ಮಧ್ಯಾಹ್ನದ ನಿದ್ದೆಯ ತೆರಪಿನಲ್ಲಿ. ದೆಹಲಿಯ ಈ ತಾಯಿ ಕಲಿತದ್ದು ಚಪಾತಿ ಲಟ್ಟಿಸುವ ತೆರಪಿನಲ್ಲಿ. ಇವರಿಬ್ಬರೂ ಯಾವ ತರಗತಿಯ ಬೆಂಚಿನ ಮೇಲೂ ಕೂರಲಾಗದವರು. ಇಂಥವರನ್ನು ಮುಟ್ಟುವ ಬೇರೆ ಶಿಕ್ಷಣ ನಾನು ನೋಡಿಲ್ಲ.

ಆದರೆ ಅಮ್ಮ ಆ ಮೂರು ವರ್ಷಗಳ ಬಗ್ಗೆ ಹೇಳುವಾಗ ಪಾಠದ ಪುಸ್ತಕಗಳ ಮಾತು ಎತ್ತುವುದೇ ಇಲ್ಲ. ಹೇಳುವುದೆಲ್ಲ ಮೈಸೂರಿನ ಸಂಪರ್ಕ ತರಗತಿಯ ಕೆಲವು ದಿನಗಳ ಬಗ್ಗೆ, ಅಲ್ಲಿ ಪಕ್ಕದಲ್ಲಿ ಕೂತು ಅರ್ಥಶಾಸ್ತ್ರ ಬಿಡಿಸಿ ಹೇಳಿದ ಚಾಮರಾಜನಗರದ ಗೆಳತಿಯ ಬಗ್ಗೆ. ಯುಗಾದಿಗೆ ಇವತ್ತಿಗೂ ಫೋನ್ ಮಾಡುತ್ತಾರೆ. ನನ್ನ ಅನುಭವವೂ ಅದೇ. ನಾನು ಸೇರಿದ ಐದು ಆನ್‌ಲೈನ್ ಕೋರ್ಸುಗಳಲ್ಲಿ ಮುಗಿಸಿದ್ದು ಒಂದು, ಅದೂ ಗೆಳತಿಯೊಬ್ಬಳು ಜೊತೆಗೆ ಸೇರಿದ್ದಳು ಎಂಬ ಕಾರಣಕ್ಕೆ. ಇದು ನನ್ನೊಬ್ಬಳ ಸೋಮಾರಿತನವಲ್ಲ. ಎಂಐಟಿ ಮತ್ತು ಹಾರ್ವರ್ಡ್‌ಗಳ ಮುಕ್ತ ಆನ್‌ಲೈನ್ ಕೋರ್ಸುಗಳ ಕುರಿತು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, 2017-18ರಲ್ಲಿ ಸೇರಿದ ನೂರು ಜನರಲ್ಲಿ ಕೊನೆ ಮುಟ್ಟಿದವರು ಸುಮಾರು ಮೂವರು.

ಪಾಠ ಎಷ್ಟು ದೂರಕ್ಕೆ ಬೇಕಾದರೂ ಹೋಗುತ್ತದೆ. ಕಲಿಯುವುದಕ್ಕೆ ಮಾತ್ರ ಪಕ್ಕದಲ್ಲಿ ಒಬ್ಬರು ಬೇಕು. ಒಕ್ಕೊರಲಿನ ಕಾಗುಣಿತ ಮಾಡುತ್ತಿದ್ದ ಕೆಲಸವೂ ಅದೇ. ಬಾರದ ಮಗು ಬರುವ ಮಗುವಿನ ದನಿಗೆ ಒರಗಿಕೊಂಡು ಹೇಳುತ್ತಿತ್ತು, ಹೇಳುತ್ತಾ ಕಲಿಯುತ್ತಿತ್ತು. ನಾನು ಆ ಆಸರೆಯನ್ನು ಕಿತ್ತುಕೊಂಡು, ಪರದೆಯ ಮುಂದೆ ಎಂಟು ವರ್ಷದವನನ್ನು ಒಂಟಿಯಾಗಿ ನಿಲ್ಲಿಸಿದೆ. ತಾಯಿ ಗೋಡೆಗೆ ಹಾಳೆ ಅಂಟಿಸಿ ಅವನಿಗೆ ಇನ್ನೊಂದು ಆಸರೆ ಕೊಟ್ಟರು. ಅದನ್ನು ಮೋಸ ಎನ್ನಲು ನನಗೀಗ ಬಾಯಿ ಬರುವುದಿಲ್ಲ.

ಹಾಗೆ ಆಸರೆ ಕೊಡುವವರು ಇಲ್ಲದ ಮನೆಗಳ ಗತಿ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ ಇಂಟರ್‌ನೆಟ್ ಸೌಲಭ್ಯ ಇದ್ದ ಮನೆಗಳು ದೇಶದಲ್ಲಿ ಶೇ. 24ರಷ್ಟು, ಹಳ್ಳಿಗಳಲ್ಲಿ ಶೇ. 15ರಷ್ಟು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕದಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಬಂತು. ಮೇಷ್ಟರುಗಳೇ ಮಕ್ಕಳಿರುವ ಕಡೆ ಹೋಗಿ ಮರದಡಿ, ಗುಡಿಯ ಜಗಲಿಯ ಮೇಲೆ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಯೋಜನೆ ಮಾಡಿದವರಿಗೆ ಮಗುವಿನ ಪಕ್ಕ ಒಬ್ಬರು ಕೂರಬೇಕು ಎಂಬುದು ಗೊತ್ತಿತ್ತು.

ನನ್ನ ತರಗತಿಯಲ್ಲೂ ಚೆನ್ನೈನ ಒಬ್ಬಳು ಹುಡುಗಿ ಇದ್ದಳು. ಅಪ್ಪನ ಫೋನಿನಿಂದ ಸೇರುತ್ತಿದ್ದಳು. ಅಪ್ಪನ ಕಚೇರಿ ಮತ್ತೆ ತೆರೆದಾಗ ಫೋನ್ ಹೋಯಿತು, ಫೋನಿನ ಜೊತೆ ಅವಳೂ ಹೋದಳು. ಎರಡು ಸಲ ಮೆಸೇಜ್ ಕಳಿಸಿದೆ, ಉತ್ತರ ಬರಲಿಲ್ಲ. ಹಳೆಯ ಕೋಣೆಯ ತರಗತಿಯಾಗಿದ್ದರೆ ಅವಳ ಮನೆ ಯಾವ ಓಣಿ ಎಂದು ಇನ್ನೊಂದು ಮಗುವಿಗೆ ಗೊತ್ತಿರುತ್ತಿತ್ತು. ‘ಳ’ವನ್ನು ಅವಳಷ್ಟು ಸ್ಪಷ್ಟವಾಗಿ ಹೇಳುವವರು ನನ್ನ ತರಗತಿಯಲ್ಲಿ ಇನ್ನೊಬ್ಬರಿಲ್ಲ.

ದೆಹಲಿಯಿಂದ ಬಂದ ಮೇಲೆ ನಿಯಮಗಳನ್ನು ಬದಲಿಸಿದೆ. ಈಗ ಅಮ್ಮನೋ, ಅಜ್ಜನೋ, ಅಕ್ಕನೋ ಯಾರಾದರೂ ಮಗುವಿನ ಪಕ್ಕ ಕೂರಬೇಕು. ಯಾರೂ ಇಲ್ಲದಿದ್ದರೆ ಇಬ್ಬರು ಮಕ್ಕಳನ್ನು ಜೋಡಿ ಮಾಡಿ, ವಾರದ ನಡುವೆ ಒಬ್ಬರಿಗೊಬ್ಬರು ಫೋನಿನಲ್ಲಿ ಓದಿ ಹೇಳಲಿ ಎನ್ನುತ್ತೇನೆ. ಹತ್ತು ನಿಮಿಷ ಕ್ಯಾಮೆರಾ ಮುಖ ಬಿಟ್ಟು ಪುಸ್ತಕ ತೋರಿಸಬೇಕು, ಓದುವ ಸಾಲಿನ ಕೆಳಗೆ ಬೆರಳು ಓಡಬೇಕು. ಬುಧವಾರ ರಾತ್ರಿ ಒಂಬತ್ತೂವರೆಗೆ ದೊಡ್ಡವರಿಗಾಗಿ ಇನ್ನೊಂದು ತರಗತಿ ಇಟ್ಟಿದ್ದೇನೆ, ಪಾತ್ರೆ ತೊಳೆದಾದ ಮೇಲೆ. ಏಳು ಜನ ಬರುತ್ತಾರೆ, ಆರು ಮಂದಿ ತಾಯಂದಿರು.

ಹುಡುಗ ಮತ್ತೆ ಮೊದಲಿನಿಂದ ಶುರು ಮಾಡಿದ. ನಿಧಾನವಾಗಿ ಓದುತ್ತಾನೆ, ತಡವರಿಸುತ್ತಾನೆ. ಈ ತಡವರಿಕೆ ಕೇಳುವಾಗ ನನಗೆ ನೆಮ್ಮದಿ, ಏಕೆಂದರೆ ಇದು ಅವನದೇ. ಮೊನ್ನೆ ಓದುತ್ತಾ ಮತ್ತೆ ‘ಕೇರೆ’ ಎಂದ. ನಾನು ತಿದ್ದಲು ಬಾಯಿ ತೆರೆಯುವುದರೊಳಗೆ ಪಕ್ಕದಿಂದ ದನಿ ಬಂತು: “ಬಾಲ ಇಲ್ಲ ನೋಡು, ಗಿಡ್ಡ ಕೆ ಅದು.”

ಅವನು ಬೆರಳು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಓದಿದ.